ಮಳೆ ರಜೆಯ ದಿನ ಬಿಸಿಯೂಟ ಇರುವುದಿಲ್ಲ

ಜುಲೈ ತಿಂಗಳ ಬೆಳಗು. ಕಾರವಾರದಲ್ಲಿ ರಾತ್ರಿಯಿಡೀ ಹೊಯ್ದ ಮಳೆ ಇನ್ನೂ ಬಿಟ್ಟಿಲ್ಲ. ರೆಡ್ ಅಲರ್ಟ್ ಇದೆ, ಅಂದರೆ 24 ತಾಸಿನಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಸುರಿಯಬಹುದೆಂದು ಹವಾಮಾನ ಇಲಾಖೆಯ ಅಂದಾಜು. ಜಿಲ್ಲಾಧಿಕಾರಿಗಳ ರಜೆ ಆದೇಶದ ಫೋಟೊ ಶಾಲೆಯ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ. ಕೆಳಗೆ ಕುಣಿಯುವ ಇಮೋಜಿಗಳ ಸಾಲು. ಒಂಬತ್ತನೇ ತರಗತಿಯ ಹುಡುಗನೊಬ್ಬ ಅದನ್ನು ಓದುತ್ತಾನೆ, ಫೋನನ್ನು ಬೋರಲು ಹಾಕಿ ಎದ್ದು ಹೋಗಿ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾನೆ.

ಎರಡೇ ಶಾಟ್, ಮಾತಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೂ ಮಧ್ಯಾಹ್ನ ಬಿಸಿಯೂಟ ಇದೆ ಎಂದು ಗೊತ್ತಿರುವ ಕನ್ನಡದ ಪ್ರೇಕ್ಷಕನಿಗೆ ಮತ್ತೇನೂ ಹೇಳಬೇಕಾಗಿಲ್ಲ. ಊರಿನ ಮಕ್ಕಳಿಗೆಲ್ಲ ಹಬ್ಬವಾದ ದಿನ ಇವನಿಗೆ ಒಂದು ಊಟ ತಪ್ಪಿತು. ಮನೆಯವರು ಲಕ್ಷ್ಯ ಕೊಡದೆ ಬಿಟ್ಟ ಹದಿಹರೆಯವನ್ನು ಕಿರುಚಿತ್ರ ಹೇಗೆ ತೋರಿಸುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಈ ಹುಡುಗನನ್ನೇ ಮುಂದಿಟ್ಟುಕೊಂಡು ಬಿಡಿಸಿ ನೋಡಬಹುದು. ಇದು ಮಾದರಿಗಾಗಿ ಕಟ್ಟಿಕೊಂಡ ಕತೆ. ಹದಿನೈದು ನಿಮಿಷದ ಚಿತ್ರ ಎಂದಿಟ್ಟುಕೊಳ್ಳಿ. ಆಸ್ಕರ್ ನಿಯಮದಲ್ಲಿ 40 ನಿಮಿಷದವರೆಗೂ ಕಿರುಚಿತ್ರವೇ, ಆದರೆ ಈ ವಸ್ತು ಅಷ್ಟು ಉದ್ದಕ್ಕೆ ಎಳೆದರೆ ತಾಳುವುದಿಲ್ಲ.

ಈ ವಸ್ತುವಿನ ತೊಡಕು ಏನೆಂದರೆ ಇಲ್ಲಿ ಏನೂ ನಡೆಯುವುದಿಲ್ಲ. ಹೊಡೆತಕ್ಕಾದರೆ ಒಂದು ಗಳಿಗೆ ಇದೆ: ಕೈ ಎತ್ತಿತು, ಬಿತ್ತು, ಕ್ಯಾಮೆರಾ ಹಿಡಿಯಿತು. ಬೆಳಿಗ್ಗೆ ಯಾರೂ ಎಬ್ಬಿಸಲಿಲ್ಲ, ಹಣೆ ಮುಟ್ಟಿ ಜ್ವರ ನೋಡಲಿಲ್ಲ, ಪಾಲಕರ ಸಭೆಗೆ ಹೋಗಲಿಲ್ಲ ಎಂಬುದನ್ನು ಯಾವ ಲೆನ್ಸ್ ಹಾಕಿ ಹಿಡಿಯುತ್ತೀರಿ? ದಾರಿ ಕಾಣದೆ ಬಹಳ ಮಂದಿ ಕುಡುಕ ಅಪ್ಪ, ಒಡೆದ ತಟ್ಟೆ, ಬೆನ್ನ ಮೇಲಿನ ಬಾಸುಂಡೆಗಳ ಮೊರೆ ಹೋಗುತ್ತಾರೆ. ಅದು ದೌರ್ಜನ್ಯದ ಸಿನಿಮಾ, ಬೇರೆಯೇ ಜಾತಿ. ಬೈಯಲು ಒಬ್ಬ ಖಳ ಸಿಕ್ಕಿದ ಕೂಡಲೇ ನೋಡುವವನ ಎದೆ ಹಗುರಾಗುತ್ತದೆ, ಹುಡುಗ ಮರೆತೇ ಹೋಗುತ್ತಾನೆ.

ನಮ್ಮಲ್ಲಿ ಒಂದು ಬೈಗುಳ ಇದೆ: ‘ಹೇಳೋರು ಕೇಳೋರು ಇಲ್ಲದ ಹುಡುಗ’. ಪೋಕರಿಗಳಿಗೆ ಬಳಸುವ ಮಾತು. ಅದನ್ನು ಅಕ್ಷರಶಃ ತೆಗೆದುಕೊಂಡರೆ ಚಿತ್ರದ ಬೀಗದ ಕೈ ಅಲ್ಲೇ ಸಿಗುತ್ತದೆ. ಈ ಹುಡುಗನಿಗೆ ಕೇಳುವವರಿಲ್ಲ. ನಮ್ಮ ಕಡೆ ಎದುರು ಸಿಕ್ಕವರನ್ನೆಲ್ಲ ಮೊದಲು ಕೇಳುವ ಪ್ರಶ್ನೆ ‘ಊಟ ಆಯ್ತಾ?’. ಅದನ್ನು ಮೊದಲ ಮೂರು ನಿಮಿಷದಲ್ಲಿ ಬೇರೆಯವರ ಬಾಯಲ್ಲಿ, ಬೇರೆಯವರಿಗಾಗಿ, ಎರಡು ಸಲವಾದರೂ ಕೇಳಿಸಿಬಿಡಿ: ಗೂಡಂಗಡಿಯಲ್ಲಿ, ಪಕ್ಕದ ಮನೆಯ ಜಗುಲಿಯಲ್ಲಿ. ಆಮೇಲೆ ಹುಡುಗ ತೆರೆಯ ಮೇಲೆ ಬಂದಾಗಲೆಲ್ಲ ಪ್ರೇಕ್ಷಕ ತನಗೇ ತಿಳಿಯದಂತೆ ಆ ಪ್ರಶ್ನೆಗಾಗಿ ಕಾಯತೊಡಗುತ್ತಾನೆ. ಬರಬೇಕಾದದ್ದು ಏನೆಂದು ಮೊದಲು ಗೊತ್ತಾದರೆ ತಾನೆ ಅದು ಬರಲಿಲ್ಲ ಎಂಬುದು ಕಾಣುವುದು?

ಮನೆಯನ್ನು ಬಡವರ ಮನೆ ಮಾಡಬೇಡಿ. ಬಡತನ ಮತ್ತು ನಿರ್ಲಕ್ಷ್ಯ ಹಲವು ಸಲ ಒಟ್ಟಿಗೇ ಇರುತ್ತವೆ ನಿಜ, ಆದರೆ ಚಿತ್ರದಲ್ಲಿ ಎರಡನ್ನೂ ಬೆರೆಸಿದರೆ ನೋಡುವವನು ‘ಪಾಪ, ದುಡ್ಡಿಲ್ಲ’ ಎಂದು ಕತೆ ಮುಗಿಸಿಬಿಡುತ್ತಾನೆ. ಈ ಮನೆಯಲ್ಲಿ ಫ್ರಿಜ್ ಇದೆ, ಟೀವಿ ಇದೆ, ಹುಡುಗನ ಕೈಗೂ ಆಗೀಗ ಇನ್ನೂರು ರೂಪಾಯಿ ಬರುತ್ತದೆ. ಅಮ್ಮ ಇಲ್ಲ. ಯಾಕಿಲ್ಲ ಎಂದು ಹೇಳಬೇಕಾಗಿಲ್ಲ. ಹೇಳಲು ಹೊರಟರೆ ಎರಡು ನಿಮಿಷ ಅದಕ್ಕೇ ಹೋಗುತ್ತದೆ.

ಅಪ್ಪ ಕಾರವಾರದ ಬೈತಖೋಲ ಬಂದರಿನ ಪರ್ಸಿನ್ ಬೋಟಿನಲ್ಲಿ, ಅಂದರೆ ಮೀನಿನ ಹಿಂಡನ್ನು ಸುತ್ತುವರಿಯುವ ದೊಡ್ಡ ಬಲೆಯ ಯಾಂತ್ರೀಕೃತ ದೋಣಿಯಲ್ಲಿ, ಕಲಾಸಿ (ದೋಣಿಯ ಕೆಲಸಗಾರ). ಕರಾವಳಿಯ ಕತೆಗಾರನಿಗೆ ಇಲ್ಲೊಂದು ದೊಡ್ಡ ಅನುಕೂಲ ಇದೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಮೀನುಗಾರಿಕೆ ನಿಷೇಧ. ಉಳಿದ ಹತ್ತು ತಿಂಗಳು ಅಪ್ಪ ಮನೆಯಲ್ಲಿ ಇಲ್ಲದ್ದಕ್ಕೆ ಕಡಲೇ ಕಾರಣ, ಅದನ್ನು ನಿರ್ಲಕ್ಷ್ಯ ಎನ್ನಲಾಗದು. ಹುಡುಗ ಕೂಡ ಹಾಗೆಂದೇ ಸಮಾಧಾನ ಮಾಡಿಕೊಂಡಿರುತ್ತಾನೆ. ಆದ್ದರಿಂದ ಕತೆ ಈ 61 ದಿನಗಳ ಒಳಗೆ ನಡೆಯಬೇಕು. ಅಪ್ಪ ದಡದಲ್ಲಿದ್ದಾನೆ, ಮನೆಗೂ ಬರುತ್ತಾನೆ, ಮಲಗುತ್ತಾನೆ, ಎದ್ದು ಹೋಗುತ್ತಾನೆ. ಹುಡುಗ ಈಗ ಒಬ್ಬರ ಬದಲು ಇಬ್ಬರಿಗೆ ಅಡುಗೆ ಮಾಡಬೇಕು, ಅಷ್ಟೇ ವ್ಯತ್ಯಾಸ. ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ 1ಕ್ಕೆ ಸುತ್ತು ಹಾಕಿದ್ದನ್ನು ಒಂದೇ ಸಲ, ಬೇರೆ ಯಾವುದೋ ಶಾಟ್‌ನ ಮೂಲೆಯಲ್ಲಿ ತೋರಿಸಿದರೆ ಸಾಕು. ಅಪ್ಪನ ಈ ರಜೆಗಾಗಿ ಹುಡುಗ ಕಾದಿದ್ದ.

ಇನ್ನು ಚಿತ್ರದ ನಡುವಿನ ದೃಶ್ಯ. ಅಕ್ಕಿ ಇದೆ, ಗ್ಯಾಸ್ ಇಲ್ಲ. ಒಲೆಯ ಉರಿ ಹಳದಿಯಾಗಿ, ಕುಗ್ಗಿ, ಪುಕ್ ಎಂದು ಆರುತ್ತದೆ. ಹುಡುಗ ಲೈಟರ್ ಮೂರು ಸಲ ಒತ್ತುವುದಿಲ್ಲ, ಒಂದೇ ಸಲ ಒತ್ತಿ ಬಿಡುತ್ತಾನೆ. ಇದು ಅವನಿಗೆ ಹೊಸದಲ್ಲ ಎಂಬುದು ಅಲ್ಲಿ ತಿಳಿಯಬೇಕು. ಬಗ್ಗಿ ಸಿಲಿಂಡರಿನ ಕುತ್ತಿಗೆ ಹಿಡಿದು ಒಂದು ಕೈಯಲ್ಲಿ ಓಲಿಸುತ್ತಾನೆ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕೆಜಿ ಅನಿಲ, ಖಾಲಿ ಕಬ್ಬಿಣದ ತೂಕವೇ ಹೆಚ್ಚುಕಡಿಮೆ 15 ಕೆಜಿ. ತುಂಬಿದ್ದಾಗ ಹೆಣಗಬೇಕು, ಖಾಲಿಯಾದಾಗ ಹದಿನಾಲ್ಕರ ಹುಡುಗನೂ ಅಂಚಿನ ಮೇಲೆ ತಿರುಗಿಸಬಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ನೋಡುವ ಉಪಾಯ ಎಷ್ಟೋ ಅಡುಗೆಮನೆಗಳಿಗೆ ಗೊತ್ತು. ದ್ರವ ಇರುವಷ್ಟು ಭಾಗ ತಂಪಾಗಿದ್ದು ತಡವಾಗಿ ಒಣಗುತ್ತದೆ, ಮೇಲಿನ ಖಾಲಿ ಭಾಗ ಬೇಗ ಒಣಗುತ್ತದೆ. ಕಾರವಾರದ ಜುಲೈನಲ್ಲಿ ಯಾವುದೂ ಒಣಗುವುದಿಲ್ಲ, ಅದು ಬೇರೆ ಮಾತು. ಹುಡುಗ ಒರೆಸಿ, ಕುಕ್ಕರಗಾಲಿನಲ್ಲಿ ಕೂತು, ಒಣಗದ ಸಿಲಿಂಡರನ್ನು ನೋಡುತ್ತಿರುವ ಶಾಟ್ ಹನ್ನೆರಡು ಸೆಕೆಂಡ್ ಇರಲಿ. ಈ ಕೆಲಸಗಳೆಲ್ಲ ಅವನ ಕೈಗೆ ಎಷ್ಟು ಪಳಗಿವೆ ಎಂಬುದೇ ಇಲ್ಲಿ ಕತೆ. ಆ ವಯಸ್ಸಿಗೆ ಬರಬಾರದ ಚುರುಕು ಅದು. ಮುಖದಲ್ಲಿ ದುಃಖ ಬೇಡ. ಚಿತ್ರೀಕರಣಕ್ಕೆ ನಿಜವಾದ ಖಾಲಿ ಸಿಲಿಂಡರ್ ತನ್ನಿ, ರೆಗ್ಯುಲೇಟರ್ ಕಳಚಿಡಿ. ಥರ್ಮೋಕೋಲಿನದ್ದು ತಂದರೆ ಹುಡುಗನ ಭುಜವೇ ಸುಳ್ಳು ಹೇಳಿಬಿಡುತ್ತದೆ.

ಸಿಲಿಂಡರ್ ತರುವವನು ಬಾಗಿಲಿಗೆ ಬಂದಿದ್ದಾನೆ, ಆದರೆ ಒಟಿಪಿ ಬೇಕು. ಅದು ಹೋಗುವುದು ನೋಂದಾಯಿತ ನಂಬರಿಗೆ, ಅಂದರೆ ಅಪ್ಪನ ಫೋನಿಗೆ. ಹುಡುಗ ಫೋನ್ ಮಾಡುತ್ತಾನೆ. ಇಲ್ಲಿ ಒಂದು ಅಳತೆ ಕೆಲಸಕ್ಕೆ ಬರುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2019ರಲ್ಲಿ ಮಾಡಿದ ನಿಯಮದಂತೆ, ಎತ್ತದ ಮೊಬೈಲ್ ಕರೆ ರಿಂಗಾಗುವುದು 30 ಸೆಕೆಂಡ್. ಹದಿನೈದು ನಿಮಿಷದ ಚಿತ್ರದಲ್ಲಿ ಇದು ಮೂವತ್ತರಲ್ಲಿ ಒಂದು ಪಾಲು, ಸಣ್ಣದಲ್ಲ. ಎಡಿಟಿಂಗ್ ಮೇಜಿನ ಮುಂದೆ ಕೂತವರಿಗೆಲ್ಲ ಅದನ್ನು ಎಂಟು ಸೆಕೆಂಡಿಗೆ ಇಳಿಸುವ ಚಪಲ ಬರುತ್ತದೆ. ಇಳಿಸಬೇಡಿ. ಮೊದಲ ಹತ್ತು ಸೆಕೆಂಡ್ ‘ಈಗ ಎತ್ತುತ್ತಾನೆ’ ಅನ್ನಿಸುತ್ತದೆ. ಇಪ್ಪತ್ತಕ್ಕೆ ಬಾಗಿಲಲ್ಲಿ ನಿಂತವನು ಮಳೆ ನೋಡಲು ಶುರು ಮಾಡುತ್ತಾನೆ. ಮೂವತ್ತಕ್ಕೆ ರೆಕಾರ್ಡ್ ಆದ ಹೆಣ್ಣುದನಿ ಶುದ್ಧ ಕನ್ನಡದಲ್ಲಿ, ಬಹಳ ವಿನಯದಿಂದ, ಯಾರೂ ಉತ್ತರಿಸುತ್ತಿಲ್ಲ ಎನ್ನುತ್ತದೆ. ಇಡೀ ಚಿತ್ರದಲ್ಲಿ ಹುಡುಗನ ಜೊತೆ ಅಷ್ಟು ಮೃದುವಾಗಿ ಮಾತಾಡುವುದು ಆ ದನಿಯೊಂದೇ ಇರಬೇಕು. ಸಿಲಿಂಡರ್ ಮತ್ತೆ ಗಾಡಿ ಏರುತ್ತದೆ. ಹುಡುಗ ಅವಲಕ್ಕಿಗೆ ನೀರು ಹಾಕಿ, ಸಕ್ಕರೆ ಉದುರಿಸಿ, ನಿಂತೇ ತಿನ್ನುತ್ತಾನೆ.

ಹದಿಹರೆಯ ಮತ್ತು ಎಳೆಯ ಮಗುವಿನ ನಡುವಿನ ವ್ಯತ್ಯಾಸ ಇಲ್ಲೇ ಬರುತ್ತದೆ, ಬಹಳ ಚಿತ್ರಗಳು ತಪ್ಪುವುದೂ ಇಲ್ಲೇ. ಆರು ವರ್ಷದ ಮಗು ಹಸಿವಾದರೆ ಅಳುತ್ತದೆ. ಹದಿನಾಲ್ಕರವನು ಮುಚ್ಚಿಡುತ್ತಾನೆ. ಗೆಳೆಯರನ್ನು ಮನೆಗೆ ಕರೆಯುವುದಿಲ್ಲ, ಶಾಲೆಯ ಬೆಂಚಿನ ಮೇಲೆ ನಿದ್ದೆ ಹೋದರೆ ‘ರಾತ್ರಿ ಓದ್ತಿದ್ದೆ’ ಅನ್ನುತ್ತಾನೆ, ಪ್ರಗತಿಪತ್ರಕ್ಕೆ ತಾನೇ ಸಹಿ ಹಾಕುತ್ತಾನೆ, ಅಪ್ಪನ ಪರವಾಗಿ ಸುಳ್ಳು ಹೇಳುತ್ತಾನೆ. ಕೇಳದಿದ್ದರೂ ಅಪ್ಪ ಅಪ್ಪನೇ, ಅವನ ಮಾನ ಕಾಯುವುದು ತನ್ನ ಕೆಲಸ ಎಂಬ ಭಾವನೆ ಅದು. ನಾಟಕ ಇರುವುದು ಈ ಮುಚ್ಚಿಡುವಿಕೆಯಲ್ಲಿ. ಹರಿದ ಅಂಗಿ, ಕೆದರಿದ ತಲೆ ತೋರಿಸಿದರೆ ಮುಚ್ಚಿಡಲು ಏನೂ ಉಳಿಯುವುದಿಲ್ಲ. ಇವನ ಯೂನಿಫಾರ್ಮ್ ಶುಭ್ರವಾಗಿರುತ್ತದೆ, ಏಕೆಂದರೆ ತಾನೇ ಒಗೆಯುತ್ತಾನೆ. ಆದರೆ ಒಣಗಿರುವುದಿಲ್ಲ. ರಾತ್ರಿ ಫ್ರಿಜ್ಜಿನ ಬಿಸಿ ಪಕ್ಕಕ್ಕೆ ಅಂಗಿ ಒತ್ತಿ ಹಿಡಿದು ನಿಂತ ಹುಡುಗ, ಬೆಳಿಗ್ಗೆ ಕಾಲರಿನ ಮಡಿಕೆಯಲ್ಲಿ ಉಳಿದ ಕಪ್ಪು ತೇವ: ಇಷ್ಟು ಸಾಕು. ಕಾಸ್ಟ್ಯೂಮ್ ನೋಡುವವರು ಒಂದೇ ಅಳತೆಯ ಮೂರು ಜೊತೆ ಇಟ್ಟುಕೊಳ್ಳಬೇಕು, ಒಣಗಿದ್ದು, ಅರೆ ಒದ್ದೆ, ತೊಯ್ದದ್ದು. ಇಲ್ಲದಿದ್ದರೆ ಎರಡನೇ ಟೇಕಿಗೆ ಅಂಗಿ ಹಿಂಡುತ್ತ ಕೂರಬೇಕಾಗುತ್ತದೆ.

ಭಾಷೆಯ ವಿಷಯ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕಾರವಾರದ ಇಂಥ ಮನೆಯಲ್ಲಿ ಆಡುವುದು ಕೊಂಕಣಿ, ಕನ್ನಡ ಶಾಲೆಯದ್ದು, ಕಚೇರಿಯದ್ದು, ಫೋನಿನ ದನಿಯದ್ದು. ಎಲ್ಲರ ಬಾಯಲ್ಲೂ ಬೆಂಗಳೂರು ಕನ್ನಡ ಹಾಕಿದರೆ ಅಪ್ಪನ ಮೌನಕ್ಕೆ ಅರ್ಥವೇ ಬರುವುದಿಲ್ಲ. ಅವನು ಆಡದೆ ಉಳಿಸಿದ್ದು ಮನೆಯ ಭಾಷೆಯನ್ನು. ಕೊಂಕಣಿ ಸಾಲುಗಳಿಗೆ ಕನ್ನಡದಲ್ಲಿ ಉಪಶೀರ್ಷಿಕೆ ಕೊಡಿ, ಹೆದರಬೇಕಾಗಿಲ್ಲ.

ಇದೇ ಕತೆ ಘಟ್ಟ ಹತ್ತಿ ಶಿರಸಿಯ ಅಡಿಕೆ ತೋಟದ ಮನೆಗೆ ಹೋದರೆ ಸಿಲಿಂಡರ್ ದೃಶ್ಯ ಸತ್ತುಹೋಗುತ್ತದೆ. ಅಲ್ಲಿ ಸೌದೆ ಒಲೆ ಇದೆ, ಗೋಬರ್ ಗ್ಯಾಸ್ ಇದೆ, ಬಂದವರಿಗೆಲ್ಲ ‘ಆಸ್ರಿಗೆ ಎಂತ ಬೇಕು’ (ಕುಡಿಯಲು ಏನು ಬೇಕು) ಎಂದು ಕೇಳುವ ಅಜ್ಜಿ ಇದ್ದಾಳೆ. ಅಪ್ಪ ಅಮ್ಮ ಬೆಂಗಳೂರಿನಲ್ಲಿ, ಹುಡುಗನ ಜಾಗದಲ್ಲಿ ಒಬ್ಬ ಹುಡುಗಿ, ಮೆತ್ತಿನ (ಮಹಡಿಯ) ಮೇಲೆ ಒಬ್ಬಳೇ. ಊಟಕ್ಕೆ ಕೊರತೆಯಿಲ್ಲ, ಅವಳಿಗೆ ಏನಾಗಿದೆ ಎಂದು ಕೇಳುವ ಕಣ್ಣಿನ ಕೊರತೆ. ಅಲ್ಲಿ ಬೇರೆ ವಸ್ತು ಹುಡುಕಬೇಕು. ಊರು ಬದಲಾದರೆ ಯಾವುದು ಇಲ್ಲ ಎಂಬುದೂ ಬದಲಾಗುತ್ತದೆ.

ಮಳೆಯಲ್ಲಿ ತಾಂತ್ರಿಕವಾಗಿ ಕೆಡುವುದು ಬಹಳ. ಮಳೆಹನಿ ಕ್ಯಾಮೆರಾಕ್ಕೆ ಕಾಣಬೇಕಾದರೆ ಹಿಂದಿನಿಂದ ಬೆಳಕು ಬೀಳಬೇಕು, ಹಿನ್ನೆಲೆ ಕಪ್ಪಗಿರಬೇಕು. ಬೂದು ಆಕಾಶವನ್ನು ಹಿಂದಿಟ್ಟರೆ ಎಂಥ ಜಡಿಮಳೆಯೂ ಮಾಯ. ಏಸಿ ರೂಮಿನಿಂದ ನೇರ ಹೊರಗೆ ತಂದ ಲೆನ್ಸ್ ಮಂಜಾಗುತ್ತದೆ. ಅರ್ಧ ತಾಸು ಮುಚ್ಚಿದ ಬ್ಯಾಗಿನಲ್ಲೇ ಹೊರಗಿನ ಹವೆಗೆ ಹೊಂದಿಕೊಳ್ಳಲು ಬಿಡಿ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಗಾಜಿನೊಳಗೆ ಫಂಗಸ್. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 50ರಲ್ಲಿ ಒಂದು ಸೆಕೆಂಡ್ ಇಟ್ಟರೆ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿಗಳು ಮಿಟುಕುವ ಕಾಟ ತಪ್ಪುತ್ತದೆ. ಕ್ಯಾಮೆರಾ ಹುಡುಗನ ಕಣ್ಣೆತ್ತರಕ್ಕೆ, ನೆಲದಿಂದ 140–145 ಸೆಂಟಿಮೀಟರ್. ಆ ಎತ್ತರದಲ್ಲಿ ದೊಡ್ಡವರು ತೀರ ಹತ್ತಿರ ಬಂದು ನಿಂತಾಗ ತಲೆಯ ಮೇಲ್ಭಾಗ ಫ್ರೇಮಿನಿಂದ ಆಚೆ ಹೋಗುತ್ತದೆ. ಅದು ಹಳೆಯ ತಂತ್ರ, ಒಂದು ಸಲ ಮಾಡಿದರೆ ಕೆಲಸ ಮಾಡುತ್ತದೆ, ಮೂರನೇ ಸಲ ಪ್ರೇಕ್ಷಕ ಎಣಿಸಲು ಶುರು ಮಾಡುತ್ತಾನೆ.

ಶಬ್ದ ಇದಕ್ಕಿಂತ ಮುಖ್ಯ. ತಗಡಿನ ಮಾಡಿನ ಕೆಳಗೆ ಜೋರು ಮಳೆಯಲ್ಲಿ ಹಿಡಿದ ಮಾತು ಬಳಸಲು ಬರುವುದಿಲ್ಲ. ಟೇಕ್ ಮುಗಿದ ಕೂಡಲೇ ಅದೇ ನಟರನ್ನು ಪಕ್ಕದ ಒಳಕೋಣೆಗೆ ಕರೆದು ಮಾತನ್ನಷ್ಟೇ ಮತ್ತೆ ಹಿಡಿದಿಡಬೇಕು; ತಿಂಗಳು ಬಿಟ್ಟು ಡಬ್ಬಿಂಗ್ ಕೋಣೆಯಲ್ಲಿ ಆ ಉಸಿರು ಬರುವುದಿಲ್ಲ. ಪ್ರತಿ ಜಾಗದಲ್ಲಿ ಎಲ್ಲರೂ ಸುಮ್ಮನಿದ್ದು ಒಂದು ನಿಮಿಷದ ಖಾಲಿ ಸದ್ದು ಹಿಡಿಯಿರಿ: ಜೋರು ಮಳೆಯದ್ದು ಒಂದು, ಹನಿಯುವಾಗಿನದ್ದು ಇನ್ನೊಂದು. ಈ ಮನೆಯಲ್ಲಿ ಹಿನ್ನೆಲೆ ಸಂಗೀತದ ಕೆಲಸವನ್ನು ಫ್ರಿಜ್ಜಿನ ಗುಂಯ್ ಮತ್ತು ಪಕ್ಕದ ಮನೆಯ ಕುಕ್ಕರಿನ ಸೀಟಿ ಮಾಡಬೇಕು. ಮೂರು ಸೀಟಿ ಆಯಿತೆಂದರೆ ಅಲ್ಲಿ ಅನ್ನ ಆಯಿತು. ಕೊಳಲು, ಪಿಟೀಲು ಹಾಕಿದಿರೋ, ಕರುಣೆ ಯಾವಾಗ ಹುಟ್ಟಬೇಕು ಎಂದು ನೀವೇ ಅಪ್ಪಣೆ ಕೊಟ್ಟಂತೆ.

ಡ್ರೋನ್ ಬೇಡವೇ ಬೇಡ. ಕಾಳಿ ನದಿ ಸಮುದ್ರ ಸೇರುವ ನೋಟ ಚೆಂದವೇ, ಆದರೆ ಹುಡುಗ ಅದನ್ನು ಮೇಲಿನಿಂದ ಕಂಡವನಲ್ಲ. ಜೊತೆಗೆ ಕಾರವಾರದಲ್ಲಿ ನೌಕಾನೆಲೆ ಇದೆ, ಅದರ ಆಸುಪಾಸು ಅನುಮತಿಯಿಲ್ಲದೆ ಡ್ರೋನ್ ಹಾರಿಸಿದರೆ ಚಿತ್ರಕ್ಕಿಂತ ಮೊದಲು ಪೊಲೀಸ್ ಠಾಣೆ ನೋಡಬೇಕಾದೀತು.

ನಟಿಸುವ ಹುಡುಗನ ವಿಚಾರಕ್ಕೆ ಬಂದರೆ ಕಾನೂನು ಸ್ಪಷ್ಟವಾಗಿದೆ. 14 ವರ್ಷ ತುಂಬದ ಮಗುವನ್ನು ಕಲಾವಿದನಾಗಿ ಬಳಸಲು ಬಾಲಕಾರ್ಮಿಕ ಕಾಯಿದೆಯ 2017ರ ತಿದ್ದುಪಡಿ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಯ ಅನುಮತಿ ಬೇಕು (ಹೌದು, ಮಳೆ ರಜೆ ಕೊಡುವ ಅದೇ ಕಚೇರಿ). ದಿನಕ್ಕೆ ಐದು ತಾಸಿಗಿಂತ ಹೆಚ್ಚಿಲ್ಲ, ವಿರಾಮವಿಲ್ಲದೆ ಮೂರು ತಾಸಿಗಿಂತ ಹೆಚ್ಚಿಲ್ಲ, ಐದು ಮಕ್ಕಳಿಗೆ ಒಬ್ಬರಂತೆ ಹೊಣೆಗಾರರು, ಸಂಭಾವನೆಯ ಕನಿಷ್ಠ ಶೇ. 20 ಮಗುವಿನ ಹೆಸರಲ್ಲಿ ಠೇವಣಿ. ಹದಿನಾಲ್ಕು ದಾಟಿದವನಿಗೂ ಈ ಅಳತೆಯನ್ನೇ ಪಾಲಿಸುವುದು ಒಳ್ಳೆಯದು, ಯಾಕೆಂದರೆ ಅದು ಕೆಲಸಕ್ಕೂ ಒಳ್ಳೆಯದು. ಸರಾಸರಿ 20 ಸೆಕೆಂಡಿನ ಶಾಟ್ ಅಂದರೆ 15 ನಿಮಿಷಕ್ಕೆ 45 ಶಾಟ್. ದಿನಕ್ಕೆ ಐದು ತಾಸಿನಲ್ಲಿ ಹನ್ನೊಂದು ಹನ್ನೆರಡು ಶಾಟ್ ತೆಗೆದರೆ ನಾಲ್ಕು ದಿನ. ಮಳೆ ಕೈಕೊಡುವುದಕ್ಕೆ ಇನ್ನೊಂದು ದಿನ ಸೇರಿಸಿ. ಮಳೆ ಕೈಕೊಡುವುದು ಅಂದರೆ ಇಲ್ಲಿ ಬರದೆ ಹೋಗುವುದು.

ಹುಡುಗನಿಗೆ ‘ಬೇಜಾರು ಮಾಡ್ಕೊ’ ಎನ್ನಬೇಡಿ. ಕೆಲಸ ಕೊಡಿ: ಈ ಅಂಗಿ ಒಣಗಿಸು, ಈ ಸಿಲಿಂಡರ್ ಓಲಿಸಿ ನೋಡು. ಕೈಗೆ ಕೆಲಸ ಸಿಕ್ಕಿದರೆ ಮುಖ ತಾನಾಗಿ ಸುಮ್ಮನಾಗುತ್ತದೆ. ಅಡುಗೆಮನೆಯ ಕೆಲಸ ಪಳಗಲು ಹತ್ತು ದಿನವಾದರೂ ಬೇಕು. ಟೇಕು ನಾಲ್ಕೈದು ದಾಟಿದರೆ ಮಕ್ಕಳು ಹಿಂದಿನ ಟೇಕನ್ನೇ ನಕಲು ಮಾಡಲು ಶುರುಮಾಡುತ್ತಾರೆ. ನಿಜ ಜೀವನದಲ್ಲೂ ಅದೇ ಸ್ಥಿತಿಯಲ್ಲಿರುವ ಮಗುವನ್ನು ‘ಸಹಜವಾಗಿ ಬರುತ್ತೆ’ ಎಂದು ಆರಿಸುವ ಆಸೆ ಬಂದೀತು. ಬೇಡ. ಪ್ಯಾಕಪ್ ಆದಮೇಲೆ ನೀವು ಹೊರಡುತ್ತೀರಿ, ಅವನು ಆ ಮನೆಗೇ ಹೋಗಬೇಕು. ನಡೆದ ಘಟನೆ ಆಧರಿಸಿದ ಕತೆಯಾದರೆ ಬಾಲನ್ಯಾಯ ಕಾಯಿದೆ 2015ರ 74ನೇ ಸೆಕ್ಷನ್ ನೆನಪಿರಲಿ: ಪಾಲನೆ, ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹಿಡಿಯಬಹುದಾದ ಯಾವ ವಿವರವನ್ನೂ ಮಾಧ್ಯಮದಲ್ಲಿ ಹೊರಗೆಡಹುವಂತಿಲ್ಲ. ಸಣ್ಣ ಊರಿನಲ್ಲಿ ಹೆಸರು ಬದಲಿಸಿದರೆ ಸಾಲದು. ಯೂನಿಫಾರ್ಮಿನ ಬಣ್ಣ, ಓಣಿಯ ತಿರುವು, ಬೋಟಿನ ಹೆಸರು ಸಾಕು, ಎಲ್ಲರಿಗೂ ಗೊತ್ತಾಗುತ್ತದೆ.

ಕೊನೆಯ ದೃಶ್ಯ. ಒಳ್ಳೆಯ ಮೇಷ್ಟ್ರು ಬಂದು ಹುಡುಗನನ್ನು ಎತ್ತಿಕೊಳ್ಳುವ ಅಂತ್ಯ ಬೇಕಿಲ್ಲ. ಮಧ್ಯಾಹ್ನ ಹುಡುಗ ಕೊಡೆ ಹಿಡಿದು ಬಂದರಿಗೆ ಹೋಗುತ್ತಾನೆ. ಶೆಡ್ಡಿನ ಕೆಳಗೆ ಗುಡ್ಡೆ ಬಿದ್ದ ಬಲೆಯ ಸುತ್ತ ಏಳೆಂಟು ಕಲಾಸಿಗಳು ಕೂತು ಹರಿದದ್ದನ್ನು ಹೆಣೆಯುತ್ತಿದ್ದಾರೆ. ಅಪ್ಪ ಅವರ ನಡುವೆ ನಗುತ್ತಿದ್ದಾನೆ. ಇಡೀ ಚಿತ್ರದಲ್ಲಿ ಅವನ ನಗು ಕಾಣುವುದು ಇಲ್ಲೇ. ಕೆಟ್ಟವನಲ್ಲ ಅವನು. ಹುಡುಗ ಒಟಿಪಿ ಕೇಳುತ್ತಾನೆ. ಅಪ್ಪ ತಲೆ ಎತ್ತದೆ ಮೂಲೆಯ ಚೀಲ ತೋರಿಸುತ್ತಾನೆ. ಹುಡುಗ ಫೋನ್ ತೆಗೆದು ನೋಡುತ್ತಿರುವಾಗ ಪಕ್ಕದಲ್ಲಿ ಕೂತ ಮುದುಕ ಕಲಾಸಿ ಸುಮ್ಮನೆ, ಎಲ್ಲರನ್ನೂ ಕೇಳುವಂತೆ ಕೇಳುತ್ತಾನೆ: ‘ಜೆವ್ಲೋ?’ ಹತ್ತು ಹನ್ನೊಂದು ನಿಮಿಷದಿಂದ ಪ್ರೇಕ್ಷಕ ಕಾದಿದ್ದ ಪ್ರಶ್ನೆ, ಮನೆಯ ಭಾಷೆಯಲ್ಲೇ ಬಂತು, ಬೇರೆಯವನ ಬಾಯಿಂದ. ಅಪ್ಪನ ಗೆಳೆಯರೆಲ್ಲ ಅಲ್ಲಿದ್ದಾರೆ. ಹುಡುಗ ‘ಜೆವ್ಲೊಂ’ ಎನ್ನುತ್ತಾನೆ, ಆಯ್ತು.

ಈ ಶಾಟ್‌ನಲ್ಲಿ ಅಪ್ಪನ ಕೈ ಮುಂದೆ ದೊಡ್ಡದಾಗಿ, ಹುಡುಗ ಹಿಂದೆ ಸ್ವಲ್ಪ ಮಸುಕಾಗಿ ಇರಲಿ. ಫೋಕಸ್ ಕೈಯ ಮೇಲೆ. ಹುಡುಗನ ಮುಖದ ಕ್ಲೋಸಪ್ ಒಂದು ತೆಗೆದಿಟ್ಟುಕೊಳ್ಳೋಣ, ಎಡಿಟಿಂಗಿನಲ್ಲಿ ನೋಡೋಣ ಎಂದುಕೊಂಡರೆ ಅದು ಚಿತ್ರದೊಳಗೆ ಬಂದೇ ತೀರುತ್ತದೆ, ಹಾಗಾಗಿ ತೆಗೆಯಲೇಬೇಡಿ. ಸೂಜಿ ಬಲೆಯ ಒಂದು ಕಣ್ಣಿನಲ್ಲಿ ನಿಲ್ಲುತ್ತದೆ. ಎಷ್ಟು ಹೊತ್ತು ಎಂಬುದನ್ನು ಆ ಪಾತ್ರ ಮಾಡುವವನಿಗೇ ಬಿಡಿ. ಸೂಜಿ ಮುಂದಿನ ಕಣ್ಣಿಗೆ ಹೊರಟ ಕೂಡಲೇ ಕಟ್.